ಬರಿನೆಲದ ಬಿಳಿ ಮೊಲ

ಕೊರ್ಪಿ ಲೇಕ್, ಮಿಶಿಗನ್
ಜುಲೈ 10, 1988

ವಿಲ್ಹೊ ಅಣ್ಣನಿಗೆ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಬಿಲ್ಲು ನನ್ನ ಹತ್ತಿರ ಇದೆ. ಕದ್ದೆ ಅಂತಲೇ ಇಟ್ಟುಕೋ.

ನಿನ್ನೆ ನಿನ್ನ ಮಗಳು ಕ್ಯಾರಲ್ ಬಂದಿದ್ದಳು. ನಿನ್ನ ಮನೆಯ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಎರಡು ರಾಶಿ ಮಾಡಿದಳು. ಇಟ್ಟುಕೊಳ್ಳುವುದು ಒಂದು, ಮಾರುವುದು ಇನ್ನೊಂದು. ಮಾರುವ ರಾಶಿಯ ಮೇಲೆ ನಿನ್ನ ಬಿಲ್ಲು ಬಿದ್ದಿತ್ತು. “ಇದ್ಯಾಕೇ ಇಲ್ಲಿ?” ಅಂದೆ. “ಅಪ್ಪನೇ ಹೇಳಿದ್ದು ಅತ್ತೆ. ಇನ್ನು ಊರಿಗೆ ಬರೋದೇ ಇಲ್ವಂತೆ. ಸ್ಯಾಗಿನಾದ ಆರೈಕೆ ಮನೇಲೇ ಇದ್ದುಬಿಡ್ತಾರಂತೆ” ಅಂದಳು. ಅವಳು ಕಾಫಿ ಕುಡಿಯಲು ಒಳಗೆ ಹೋದಾಗ ಬಿಲ್ಲನ್ನೂ ಬತ್ತಳಿಕೆಯನ್ನೂ ಏಪ್ರನ್ನಿನಲ್ಲಿ ಸುತ್ತಿಕೊಂಡು ಬಂದೆ.

ಏಪ್ರಿಲ್‌ನಲ್ಲಿ ಲಕ್ವ ಹೊಡೆದಾಗಿನಿಂದ ನಿನಗೆ ಫೋನಿನಲ್ಲಿ ಮಾತು ತೊದಲುತ್ತದೆ, ನನಗೆ ಅಳು ಬರುತ್ತದೆ. ಅದಕ್ಕೇ ಕಾಗದ. ಎಡಗೈ ಚೆನ್ನಾಗಿಯೇ ಇದೆಯಂತಲ್ಲ, ಬರಿ.

ವಿಷಯ ಇಷ್ಟೇ. ಡಿಸೆಂಬರ್ ಆರಕ್ಕೆ, ನಮ್ಮ ಹಿರಿಯರ ನಾಡಾದ ಫಿನ್‌ಲೆಂಡಿನ ಸ್ವಾತಂತ್ರ್ಯದ ದಿನ, ನಮ್ಮ ಮನೆಯಲ್ಲಿ ಮೊಲದ ಸಾರು ತಪ್ಪಿದ್ದಿಲ್ಲ. ಕಿಟಕಿಯಲ್ಲಿ ಎರಡು ಮೇಣದಬತ್ತಿ, ಒಲೆಯ ಮೇಲೆ ನೀನು ಹೊಡೆದು ತಂದ ಮೊಲ. ಈ ಸಲ ಮೊಲ ನಾನು ತರುತ್ತೇನೆ. ಬಿಲ್ಲು ಹಿಡಿಯುವುದು ಹೇಗೆಂದು ಕಾಗದದಲ್ಲಿ ಕಲಿಸು. ತಿನ್ನಲು ನೀನು ಬರಬೇಕು. ನಗಬೇಡ, ಅರವತ್ತೇನೂ ದೊಡ್ಡ ವಯಸ್ಸಲ್ಲ.

ನಿನ್ನ ತಂಗಿ
ಸೈಮಿ

•

ಸ್ಯಾಗಿನಾ
ಜುಲೈ 29

ಸೈಮಿ,

ಬಿಲ್ಲು ಎಲ್ಲಿತ್ತೋ ಅಲ್ಲಿಡು. ಮೂವತ್ತು ವರ್ಷ ಶಾಲೆಯ ಮಕ್ಕಳಿಗೆ ಅಡುಗೆ ಮಾಡಿದವಳಿಗೆ ಮೊಲದ ಪರಿಚಯ ಪಾತ್ರೆಯಲ್ಲಿ ಮಾತ್ರ. ಅದು ಪಾತ್ರೆಗೆ ತಾನಾಗಿ ಬಂದು ಬೀಳುವುದಿಲ್ಲ.

ನನ್ನ ಬಲಗೈ ತೊಡೆಯ ಮೇಲೆ ಬಿದ್ದಿರುತ್ತದೆ. ಕಾಡಿನ ಕಥೆ ನನಗೆ ಮುಗಿಯಿತು. ಅದರ ಬಗ್ಗೆ ಬರೆಯಬೇಡ.

ಇಷ್ಟು ಬರೆಯಲು ಒಂದು ಬೆಳಗು ಬೇಕಾಯಿತು.

ವಿಲ್ಹೊ

•

ಕೊರ್ಪಿ ಲೇಕ್
ಆಗಸ್ಟ್ 14

ಅಣ್ಣಾ,

ನೀನು ಬರೆಯಬೇಡ ಅಂದದ್ದನ್ನೇ ಬರೆಯುತ್ತಿದ್ದೇನೆ. ಬೇರೇನಿದೆ ನನ್ನ ಹತ್ತಿರ, ಆಲೂಗಡ್ಡೆಗೆ ಹುಳ ಬಿದ್ದದ್ದು ಬರೆಯಲೇ?

ನಿನ್ನ ಬಿಲ್ಲು ರಾಕ್ಷಸ. ಎಳೆದರೆ ಅರ್ಧಕ್ಕೆ ಬಂದು ನಿಲ್ಲುತ್ತದೆ, ನನ್ನ ಕೈ ನಡುಗುತ್ತದೆ, ಆಮೇಲೆ ಅದೇ ಬಿಟ್ಟುಕೊಳ್ಳುತ್ತದೆ. ಹೆದೆ ನನ್ನ ಎಡಗೈಗೆ ಎಂಥ ಬಾರಿಸಿದೆಯೆಂದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬದನೆಕಾಯಿ ಬಣ್ಣ. ಮೊದಲನೆಯ ಬಾಣ ಹುಲ್ಲಿನೊಳಗೆ ಹೋಯಿತು, ಈವರೆಗೂ ಸಿಕ್ಕಿಲ್ಲ. ಎರಡನೆಯದು ತಂತಿಯ ಮೇಲೆ ಒಣಗುತ್ತಿದ್ದ ಹೊದಿಕೆಯನ್ನು ತೂರಿಕೊಂಡು ಹೋಗಿ ನಮ್ಮ ಹಬೆಸ್ನಾನದ ಸೌನಾದ ಬಾಗಿಲಿಗೆ ನಾಟಿತು. ಅದೇ ಹೊತ್ತಿಗೆ ನಿನ್ನ ಬೇಟೆ ಗೆಳೆಯ ಆರ್ವೊ ಸ್ನಾನ ಮುಗಿಸಿ ಬಾಗಿಲು ತೆಗೆದ. ಟವೆಲ್ ಸುತ್ತಿಕೊಂಡು, ಹಬೆಯಾಡುತ್ತಾ, ಬಾಣವನ್ನೂ ನನ್ನನ್ನೂ ನೋಡಿದ.

“ಸೈಮಿ, ನಂಗೆ ಸಾಯೋ ವಯಸ್ಸಾಗಿದೆ, ಒಪ್ಪಿದೆ. ಬಟ್ಟೆ ಹಾಕ್ಕೊಂಡಿರೋವಾಗ ಹೊಡಿ ಮಾರಾಯ್ತಿ.”

ದಿನವೂ ಹತ್ತು ಬಾಣ ಬಿಡುತ್ತೇನೆ. ಅದೇ ಜಾಗ, ಅದೇ ಹುಲ್ಲಿನ ಮೂಟೆ. ಆಮೇಲೆ ಬಿಲ್ಲನ್ನು ಹೆದೆ ಸಮೇತ ಒಲೆಯ ಹಿಂದಿನ ಮೊಳೆಗೆ ನೇತುಹಾಕುತ್ತೇನೆ, ಬೆಚ್ಚಗಿರಲಿ ಅಂತ.

ಬದನೆಕಾಯಿ ಕೈಯ
ಸೈಮಿ

•

ಸ್ಯಾಗಿನಾ
ಆಗಸ್ಟ್ 22

ಸೈಮಿ!

ಹೆದೆ ಬಿಚ್ಚು! ಈ ಕಾಗದ ಕೆಳಗಿಟ್ಟು ಮೊದಲು ಹೋಗಿ ಬಿಚ್ಚು! ಒಲೆಯ ಹಿಂದೆ? ಪದರ ಪದರ ಅಂಟಿಸಿದ ಮರ ಅದು, ಒಣಗಿಸುವ ಮೀನಲ್ಲ. ನರ್ಸಮ್ಮ ಬಂದು “ಯಾಕೆ ವಿಲ್ಹೊ, ಮುಖ ಕೆಂಪಗಾಗಿದೆ?” ಅಂತ ರಕ್ತದೊತ್ತಡ ನೋಡಿದಳು. ಅವಳಿಗೆ ನಿನ್ನ ಕಾಗದ ತೋರಿಸಿದೆ.

ಈಗ ಕೇಳು. ಆ ಬಿಲ್ಲು ನಿನಗಲ್ಲ. ಆರ್ವೊನ ಹೆಂಡತಿ ಬಳಸುತ್ತಿದ್ದ ಚಿಕ್ಕ ಬಿಲ್ಲು ಅವನ ಅಟ್ಟದಲ್ಲಿದೆ, ಕೇಳಿ ತಗೋ. ಬಿಲ್ಲು ದೊಡ್ಡದಾದರೆ ಬೇಟೆಗಾರ ದೊಡ್ಡವನಾಗುವುದಿಲ್ಲ. ಹಳೇ ಬೂಟಿನ ಚರ್ಮ ಕತ್ತರಿಸಿ ಎಡಗೈಗೆ ಕಟ್ಟಿಕೋ. ಮೊಣಕೈ ಸ್ವಲ್ಪ ಹೊರಕ್ಕೆ ತಿರುಗಿಸು. ಎಳೆದ ಬೆರಳು ಪ್ರತಿಸಲವೂ ಬಾಯಿಯ ಮೂಲೆಗೇ ಬಂದು ತಾಗಬೇಕು. ಬಾಣ ನೋಡಬೇಡ, ಗುರಿ ನೋಡು. ಗುರಿಯೆಂದರೆ ಇಡೀ ಮೊಲವಲ್ಲ, ಅದರ ಮೇಲಿನ ಒಂದು ಕೂದಲು.

ಹುಲ್ಲಿನ ಮೂಟೆ ಸಾಕು. ಕಾಡಿನಲ್ಲಿ ನಡೆ. ಕೊಳೆತ ಮರದ ಮೋಟು ಕಂಡರೆ ನಿಲ್ಲು, ಎಷ್ಟು ಹೆಜ್ಜೆಯೆಂದು ಊಹಿಸು, ಒಂದೇ ಒಂದು ಬಾಣ ಬಿಡು. ತಪ್ಪಿದರೆ ತಪ್ಪಿತು. ಬಾಣ ತಗೊಂಡು ಮುಂದಿನ ಮೋಟಿಗೆ ನಡೆ. “ಇನ್ನೊಂದ್ಸಲ ಇರು” ಅಂದರೆ ಮೊಲ ಇರುತ್ತದೆಯೇ? ಬತ್ತಳಿಕೆಯ ಜೇಬಿನಲ್ಲಿ ಸುತ್ತ ತಂತಿಯ ಕಾಲುಗಳಿರುವ ನಾಲ್ಕು ಬಾಣದ ಮೊನೆಗಳಿವೆ, ಅವನ್ನು ಹಾಕು. ಹುಲ್ಲಿಗೆ ಸಿಕ್ಕಿ ನಿಲ್ಲುತ್ತವೆ, ಕಳೆಯುವುದಿಲ್ಲ.

ಇಷ್ಟೆಲ್ಲ ಬರೆದದ್ದು ನನ್ನ ಬಿಲ್ಲಿನ ಮೇಲಿನ ಕರುಣೆಗೆ. ಡಿಸೆಂಬರ್ ಆರರೊಳಗೆ ನೀನು ಬಿಲ್ಲಿನಿಂದ ಒಂದು ಮೊಲ ಹೊಡೆದರೆ ನಾನು ತೆವಳಿಕೊಂಡಾದರೂ ಬಂದು ಎಲುಬಿನ ಸಮೇತ ತಿನ್ನುತ್ತೇನೆ. ಹೊಡೆಯುವುದಿಲ್ಲ. ಹೊಡೆಯದಿದ್ದರೆ ನೀನು ಈ ವಿಷಯ ಬಿಡಬೇಕು, ನನ್ನ ಮನೆ ಮಾರಲು ಕ್ಯಾರಲ್‌ಗೆ ಬಿಡಬೇಕು.

ಹೆದೆ ಬಿಚ್ಚಿದೆಯಾ?

ವಿಲ್ಹೊ

•

ಕೊರ್ಪಿ ಲೇಕ್
ಸೆಪ್ಟೆಂಬರ್ 18

ಅಣ್ಣಾ,

ಬಿಚ್ಚಿದೆ, ಬಿಚ್ಚಿದೆ. ಪಂಥಕ್ಕೆ ಒಪ್ಪಿದೆ. ನಿನ್ನ ಕಾಗದವನ್ನು ಆರ್ವೊಗೆ ಓದಿ ಹೇಳಿ ಸಾಕ್ಷಿ ಮಾಡಿದ್ದೇನೆ, ಈಗ ಜಾರಿಕೊಳ್ಳುವ ಹಾಗಿಲ್ಲ. ಅಷ್ಟುದ್ದ ಕಾಗದ ಬರೆದಿದ್ದೀಯ, ಅಕ್ಷರ ಕೋಳಿ ಕೆದರಿದಂತಿದ್ದರೂ ಓದಬಹುದು.

ಚಿಕ್ಕ ಬಿಲ್ಲು ಒಳ್ಳೆಯ ಹೆಂಗಸು, ಹೇಳಿದ ಮಾತು ಕೇಳುತ್ತದೆ. ಕಾಫಿ ಕುಡಿದು ದಿನವೂ ಹೊರಡುತ್ತೇನೆ, ಮೋಟಿನಿಂದ ಮೋಟಿಗೆ. ಅರವತ್ತು ವರ್ಷ ಈ ಕಾಡಿನ ಅಂಚಿನಲ್ಲಿ ಬಟ್ಟೆ ಒಣಹಾಕಿದ್ದೇನೆ, ಒಳಗೆ ಇಷ್ಟು ಮೋಟುಗಳಿವೆಯೆಂದು ಗೊತ್ತಿರಲಿಲ್ಲ. ಮೊದಲ ವಾರ ಒಂದಕ್ಕೂ ತಾಗಲಿಲ್ಲ. ಈಗ ಹತ್ತು ಹೆಜ್ಜೆಯಿಂದ ಹತ್ತರಲ್ಲಿ ಆರು. ತಾಗಿದಾಗ “ಥಪ್” ಅಂತ ಒಂದು ಸದ್ದು ಬರುತ್ತದಲ್ಲ, ಅದಕ್ಕೋಸ್ಕರವೇ ನಡೆದುಬಿಡಬಹುದು. ನೀನು ಇದನ್ನು ಇಷ್ಟು ವರ್ಷ ಒಬ್ಬನೇ ಅನುಭವಿಸಿದೆಯಲ್ಲ ಅಂತ ಹೊಟ್ಟೆಯೂ ಉರಿಯಿತು.

ಬೇಟೆಯ ಲೈಸೆನ್ಸ್ ಮಾಡಿಸಿದೆ. ಅಂಗಡಿಯ ಹುಡುಗಿ “ಯಜಮಾನರ ಹೆಸರು ಹೇಳಿ” ಅಂದಳು. “ಯಜಮಾನರು ಸತ್ತು ಒಂಬತ್ತು ವರ್ಷವಾಯ್ತಮ್ಮ, ಅವರು ಬೇಟೆ ಬಿಟ್ಟಿದ್ದಾರೆ, ನನ್ನ ಹೆಸರು ಬರ್ಕೋ” ಅಂದೆ. ಬೇಟೆಗಾರರ ಕಿತ್ತಳೆ ಬಣ್ಣದ ಟೊಪ್ಪಿಗೆಯನ್ನೂ ಕೊಂಡೆ. ಕುಂಬಳಕಾಯಿ ನಡೆದು ಬಂದಂತೆ ಕಾಣುತ್ತೇನಂತೆ, ಆರ್ವೊ ಹೇಳಿದ್ದು.

ನಿನ್ನೆ ಮರದ ಮೇಲೆ ಒಂದು ಅಳಿಲು ಕಂಡಿತು. ಹೊಡೆದೆ. ಅಳಿಲು ಅಲ್ಲೇ ಇತ್ತು, ಬಾಣ ಆಕಾಶಕ್ಕೆ ಹೋಯಿತು.

ಸೈಮಿ

•

ಸ್ಯಾಗಿನಾ
ಸೆಪ್ಟೆಂಬರ್ 27

ಸೈಮಿ,

ಆ ಬಾಣವನ್ನು ಮೇಲಕ್ಕೆ ಬಿಡಬೇಡ. ಹೋದ ಬಾಣ ಎಲ್ಲಾದರೂ ಇಳಿಯುತ್ತದೆ, ಎಲ್ಲಿ ಅಂತ ನಿನಗೆ ಗೊತ್ತಿಲ್ಲ. ಮರದ ಮೇಲಿನದಕ್ಕೆ ದಪ್ಪ ಗರಿ ಸುತ್ತಿದ ಬಾಣವೇ ಬೇರೆ, ಅದು ಸ್ವಲ್ಪ ದೂರ ಹೋಗಿ ಸುಸ್ತಾಗಿ ಬೀಳುತ್ತದೆ. ಈ ವರ್ಷ ಅಳಿಲು ಬೇಡ. ಕಣ್ಣು ನೆಲದ ಮೇಲಿರಲಿ. ಗುರಿಯ ಹಿಂದೆ ಏನಿದೆಯೆಂದು ಕಾಣದಿದ್ದರೆ ಬಿಲ್ಲು ಎತ್ತಲೇಬಾರದು.

ಮೊಲಕ್ಕೆ ಅಲಗಿನ ಮೊನೆ ಹಾಕು, ಮೂಗಿನ ಕೂದಲು ಕತ್ತರಿಸುವಷ್ಟು ಹರಿತವಾಗಿರಲಿ. ಹತ್ತು ಹೆಜ್ಜೆಗಿಂತ ದೂರ ಹೊಡೆಯಬೇಡ. ಗಾಯಗೊಂಡು ಓಡಿದರೆ ಸಿಗುವ ತನಕ ಹುಡುಕಬೇಕು, ಕತ್ತಲಾದರೂ, ಮಂಡಿ ನೋವಾದರೂ. ಅಷ್ಟು ತಯಾರಿಲ್ಲದಿದ್ದರೆ ಮೋಟೇ ಸಾಕು.

ಸೌನಾದ ಹಿಂದೆ ತೊರೆ ದಾಟಿದರೆ ಸೀಡರ್ ಮರಗಳ ಜೌಗು ಸಿಗುತ್ತದೆ. ಅದರ ಬಡಗಣ ಅಂಚಿನಲ್ಲಿ ಬಿದ್ದ ಬರ್ಚ್ ಮರ. ಅಪ್ಪ ಅಲ್ಲೇ ನಿಲ್ಲುತ್ತಿದ್ದ. ಎದ್ದ ಮೊಲ ಸುತ್ತು ಹಾಕಿ ಎದ್ದ ಜಾಗಕ್ಕೇ ಬರುತ್ತದೆ. ನೀನು ಓಡಬೇಡ, ನಿಲ್ಲು. ನಿಲ್ಲುವುದು ನಿನಗೆ ಕಷ್ಟ, ಗೊತ್ತು. ಬಾಯಿ ಮುಚ್ಚಿಕೊಂಡಿರುವುದು ಇನ್ನೂ ಕಷ್ಟ.

ಇಲ್ಲಿನ ಪಡಸಾಲೆ ಈ ತುದಿಯಿಂದ ಆ ತುದಿಗೆ ಮೂವತ್ತೆರಡು ಹೆಜ್ಜೆ.

ವಿಲ್ಹೊ

•

ಕೊರ್ಪಿ ಲೇಕ್
ಅಕ್ಟೋಬರ್ 23

ಅಣ್ಣಾ,

ಮೂರು ಮೊಲ, ಮೂರು ಬಾಣ, ಮೂರೂ ತಪ್ಪಿದವು. ಒಂದರ ಬಾಲದ ಕೂದಲು ಎರಡು ಸಿಕ್ಕಿವೆ, ಲಕೋಟೆಯಲ್ಲಿಟ್ಟಿದ್ದೇನೆ. ನೆಲದಲ್ಲಿ ರಕ್ತವಿರಲಿಲ್ಲ, ಆದರೂ ಮಧ್ಯಾಹ್ನವೆಲ್ಲ ಹುಡುಕಿದೆ. ಕೊನೆಗೆ ಅದೇ ಪೊದೆಯಿಂದ ಎದ್ದು ಓಡಿತು, ಏನೂ ಆಗಿರಲಿಲ್ಲ. ನನಗೇ ಮಂಡಿ ಹಿಡಿದುಕೊಂಡಿದೆ.

ಬರ್ಚ್ ಮರದ ಹತ್ತಿರ ನಿಲ್ಲುತ್ತೇನೆ. ಬಾಯಿಯನ್ನೂ ಮುಚ್ಚಿಕೊಂಡಿರುತ್ತೇನೆ. ಮೂವತ್ತೆರಡು ಹೆಜ್ಜೆಯನ್ನು ಎಣಿಸಿದವರು ಯಾರು? ನರ್ಸಮ್ಮನೋ?

ಸೈಮಿ

•

ಕೊರ್ಪಿ ಲೇಕ್
ನವೆಂಬರ್ 13

ಅಣ್ಣಾ! ಅಣ್ಣಾ!

ಹೊಡೆದೆ! ನಿನ್ನೆ ಬೆಳಗ್ಗೆ, ಒಂಬತ್ತೂವರೆಗೆ, ಎಂಟು ಹೆಜ್ಜೆ!

ಸರಿಯಾಗಿ ಹೇಳುತ್ತೇನೆ. ಈ ವರ್ಷ ಹಿಮ ಇನ್ನೂ ಬಿದ್ದಿಲ್ಲ, ಕಾಡೆಲ್ಲ ಕಂದು ಎಲೆ. ನಾನು ಬರ್ಚ್ ಮರದ ಪಕ್ಕ ನಿಂತಿದ್ದೆ. ಎದುರಿನ ಸೀಡರ್ ಬುಡದಲ್ಲಿ ಯಾರೋ ಬಿಳಿ ಟವೆಲ್ ಬಿಟ್ಟು ಹೋಗಿದ್ದಾರಲ್ಲ ಅನ್ನಿಸಿತು. ನೋಡಿದರೆ ಟವೆಲಿಗೆ ಕಣ್ಣಿದೆ. ಚಳಿಗಾಲಕ್ಕೆಂದು ಕಂದು ಮೈಯೆಲ್ಲ ಬೆಳ್ಳಗಾಗಿತ್ತು, ಕಿವಿಯ ಹಿಂದೆ ಮಾತ್ರ ಕಂದು ಉಳಿದಿತ್ತು. ನನ್ನನ್ನೇ ನೋಡುತ್ತಿತ್ತು, ಅಲುಗಲಿಲ್ಲ. ನಾನು ಬಿಲ್ಲು ಎತ್ತಿದೆ, ಅಲುಗಲಿಲ್ಲ. ಬೆರಳು ಬಾಯಿಯ ಮೂಲೆಗೆ ಬಂತು. ಒಂದು ಕೂದಲು ನೋಡಿದೆ. ಥಪ್. ಒಂದೇ ಒಂದು ಸಲ ಕಾಲು ಝಾಡಿಸಿತು, ಅಷ್ಟೇ.

ಹತ್ತಿರ ಹೋಗಿ ಕೂತು ಅತ್ತೆ. ಯಾಕೆಂದು ಕೇಳಬೇಡ. ಸಾವಿರಾರು ಕೋಳಿ ಕೊಯ್ದ ಕೈ ಇದು. ಬಿಸಿಯಾಗಿತ್ತು ಅಣ್ಣ, ಅದರ ಮೈ ಇನ್ನೂ ಬಿಸಿಯಾಗಿತ್ತು. ಆಮೇಲೆ ನೀನು ಬರುತ್ತೀಯೆಂದು ನೆನಪಾಗಿ ನಗುತ್ತಾ ಮನೆಗೆ ಬಂದೆ.

ಆರ್ವೊನನ್ನು ಕರೆದು ತೋರಿಸಿದೆ. ಅವನು ಟೊಪ್ಪಿಗೆ ತೆಗೆದು ಬಹಳ ಹೊತ್ತು ನೋಡಿದ. “ಹಿಮ ಬಿದ್ದಿರ್ಲಿಲ್ಲ ಅಲ್ವಾ?” ಅಂದ. “ಇಲ್ಲ” ಅಂದೆ. “ಹೂಂ” ಅಂದು ಹೊರಟೇಬಿಟ್ಟ. ಏಲಕ್ಕಿ ಬ್ರೆಡ್ಡು ಒಲೆಯಿಂದ ಆಗಷ್ಟೇ ಇಳಿದಿತ್ತು, ಕಾಫಿ ಲೋಟಕ್ಕೆ ಬಗ್ಗಿಸಿದ್ದೆ, ಮುಟ್ಟಲಿಲ್ಲ. ಆರ್ವೊ ಕಾಫಿ ಬಿಟ್ಟು ಹೋದದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಹೊಟ್ಟೆಕಿಚ್ಚಿರಬೇಕು.

ಕ್ಯಾರಲ್‌ಗೆ ಹೇಳಿ ಕಾರು ತಯಾರು ಮಾಡಿಸು. ಮೊಲ ಫ್ರೀಜರಿನಲ್ಲಿದೆ.

ಗೆದ್ದ
ಸೈಮಿ

•

ಸ್ಯಾಗಿನಾ
ನವೆಂಬರ್ 18

ಸೈಮಿ,

ಅದು ಲೆಕ್ಕಕ್ಕಿಲ್ಲ.

ಮೈ ಬೆಳ್ಳಗಾಗಿ ಹಿಮ ಬಾರದ ದಿನಗಳಲ್ಲಿ ನಮ್ಮ ಮನೆಯವರು ಮೊಲ ಹೊಡೆಯುವುದಿಲ್ಲ. ಆರ್ವೊನ ಮನೆಯವರೂ ಹೊಡೆಯುವುದಿಲ್ಲ. ಹಿಮದ ಬಣ್ಣದಲ್ಲಿ ತಾನು ಅಡಗಿದ್ದೇನೆಂದು ಅದು ನಂಬಿ ಕೂತಿರುತ್ತದೆ. ಅದು ಬೇಟೆಯಲ್ಲ, ತಟ್ಟೆಯಿಂದ ಎತ್ತಿಕೊಂಡಂತೆ. ಹಿಮ ಬೀಳುವ ತನಕ ಬಿಲ್ಲು ಗೋಡೆಯ ಮೇಲಿರಬೇಕು. ಅಪ್ಪ ಹಸಿದ ವರ್ಷಗಳಲ್ಲೂ ಇದನ್ನು ಮುರಿಯಲಿಲ್ಲ.

ನೀನು ಪಂಥ ಸೋತೆ. ನಾನು ಬರುವುದಿಲ್ಲ. ಕ್ಯಾರಲ್ ಮನೆ ಮಾರಲಿ.

ವಿಲ್ಹೊ

•

ಕೊರ್ಪಿ ಲೇಕ್
ನವೆಂಬರ್ 21

ವಿಲ್ಹೊ,

ಅಣ್ಣ ಅಂತ ಬರೆಯುವುದಿಲ್ಲ, ಇವತ್ತು ಮನಸ್ಸಿಲ್ಲ.

ನಿನಗೆ ಈ ನಿಯಮ ಹೇಳಿದವರು ಯಾರು? ಅಪ್ಪ. ಎಲ್ಲಿ ಹೇಳಿದ? ಕಾಡಿನಲ್ಲಿ. ಆಗ ನಾನೆಲ್ಲಿದ್ದೆ? ಸೌನಾದ ಹಲಗೆ ತಿಕ್ಕುತ್ತಿದ್ದೆ, ನೀವಿಬ್ಬರೂ ಬಂದು ಬೆಚ್ಚಗೆ ಕೂರಬೇಕು ಅಂತ. ನೀವು ತಂದ ಮೊಲ ಸುಲಿದವಳು ನಾನು, ತೊಳೆದವಳು ನಾನು, ಬೇಯಿಸಿದವಳು ನಾನು. ಇಷ್ಟು ವರ್ಷದಲ್ಲಿ ಒಂದು ದಿನ, ಒಂದೇ ಒಂದು ದಿನ “ಬಾರೇ ಸೈಮಿ” ಅಂದೆಯಾ? ಹೇಳದ ನಿಯಮವನ್ನು ನಾನು ಮುರಿಯುವುದು ಹೇಗೆ? ಆಗಸ್ಟ್‌ನಿಂದ ಮೊಣಕೈ, ಮೂಗಿನ ಕೂದಲು, ಬೂಟಿನ ಚರ್ಮ ಎಲ್ಲ ಬರೆದೆ. ಈ ಒಂದು ಮಾತು ಬರೆಯಲು ಎಡಗೈಗೆ ನೋವಿತ್ತಾ?

ಆ ಮೊಲದ ಬಗ್ಗೆ ನನಗೂ ನಾಚಿಕೆಯಾಗಿದೆ. ನೀನು ಹೇಳಿದ ಮೇಲೆ ಊಟ ಸೇರಿಲ್ಲ. ಅದರ ಕಣ್ಣು ನೆನಪಾಗುತ್ತದೆ, ಎಷ್ಟು ನೆಮ್ಮದಿಯಾಗಿ ನೋಡುತ್ತಿತ್ತು. ಆದರೆ ನಾಚಿಕೆ ನನ್ನೊಬ್ಬಳದಲ್ಲ.

ಇನ್ನೊಂದು ಮಾತು. ನೀನೂ ಆ ಮೊಲದ ಹಾಗೆಯೇ ಕೂತಿದ್ದೀಯ. ಆರೈಕೆ ಮನೆಯ ಮೂಲೆಯಲ್ಲಿ ಅಲುಗಾಡದಿದ್ದರೆ ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದೀಯ. ನನಗೆ ಕಾಣುತ್ತೀಯ. ಇಲ್ಲಿಂದಲೇ ಕಾಣುತ್ತೀಯ.

ಬಿಲ್ಲುಗಳನ್ನು ಆರ್ವೊಗೆ ಕೊಟ್ಟುಬಿಡುತ್ತೇನೆ. ಮನೆ ಮಾರಿಕೊಳ್ಳಿ.

ಸೈಮಿ

•

ಸ್ಯಾಗಿನಾ
ನವೆಂಬರ್ 25

ಸೈಮಿ,

ನಾನು ಹೇಳುತ್ತೇನೆ ಬರೆದುಕೋ ಅಂತ ಕ್ಯಾರಲ್‌ಗೆ ಹೇಳಬಹುದಿತ್ತು. ಬೇಡ ಅನ್ನಿಸಿತು. ಎರಡು ದಿನದಿಂದ ನಾನೇ ಬರೆಯುತ್ತಿದ್ದೇನೆ.

ನಿಯಮವನ್ನು ನನಗೂ ಯಾರೂ ಮೊದಲು ಹೇಳಲಿಲ್ಲ. ನನಗೆ ಹದಿನಾಲ್ಕು ವರ್ಷ. ನನ್ನ ಮೊದಲನೆಯ ಮೊಲವೂ ಅದೇ, ಬರಿನೆಲದ ಮೇಲೆ ಬೆಳ್ಳಗೆ ಕೂತಿದ್ದದ್ದು. ಕುಣಿದುಕೊಂಡು ತಂದೆ. ಅಪ್ಪ ಬೈಯಲಿಲ್ಲ. ಮೇಜಿನ ಮೇಲಿಟ್ಟು, “ಇದಕ್ಕೆ ನೀನು ಕಾಣ್ತಿದ್ದೆ. ತಾನು ಕಾಣ್ತಿದೀನಿ ಅಂತ ಇದಕ್ಕೆ ಗೊತ್ತಿರ್ಲಿಲ್ಲ” ಅಂದ. ಆಮೇಲೆ ನನ್ನ ಜೊತೆ ಕೂತು ಅದನ್ನೇ ತಿಂದ, ಒಂದು ಚೂರೂ ಬಿಡದೆ. ತನ್ನ ಮೊದಲನೆಯದೂ ಅದೇ ಅಂತ ತಿಂದಾದ ಮೇಲೆ ಹೇಳಿದ. ಆರ್ವೊನದೂ ಅದೇ ಇರಬೇಕು, ಕೇಳು. ಅವನು ಕಾಫಿ ಬಿಟ್ಟು ಹೋದದ್ದು ಹೊಟ್ಟೆಕಿಚ್ಚಿಗಲ್ಲ. ಹೇಳುವುದು ನಮ್ಮ ಮನೆಯವರ ಕೆಲಸ, ತನ್ನದಲ್ಲ ಅಂತ. ಆ ಕೆಲಸ ನನ್ನದು. ನಾನು ಅದನ್ನು ಕೆಟ್ಟದಾಗಿ ಮಾಡಿದೆ. ಅಪ್ಪ ನನ್ನ ಜೊತೆ ಕೂತು ತಿಂದ, ನಾನು ನಿನಗೆ ಲೆಕ್ಕಕ್ಕಿಲ್ಲ ಅಂತ ಬರೆದೆ.

ಹೆದರಿಕೆ, ಸೈಮಿ. ನಿನ್ನ ಮೊಲ ಲೆಕ್ಕಕ್ಕೆ ಬಂದರೆ ನಾನು ಬರಬೇಕಾಗುತ್ತದೆ. ಬಂದರೆ ಎಲ್ಲರೂ ಈ ಕೈ ನೋಡುತ್ತಾರೆ.

ಇನ್ನೊಂದಿದೆ. ನೀನು ಅದನ್ನು ಬರೆದಿಲ್ಲ, ನನಗೆ ಗೊತ್ತಿಲ್ಲ ಅಂದುಕೊಂಡಿರಬೇಕು. ನಿನಗೆ ಹನ್ನೊಂದು ವರ್ಷ. ಡಿಸೆಂಬರ್, ಹೊಸ ಹಿಮ. ಹಿಂದಿನ ಸಂಜೆ “ನಾಳೆ ಕರ್ಕೊಂಡು ಹೋಗ್ತೀನಿ” ಅಂದಿದ್ದೆ. ಬೆಳಗ್ಗೆ ನೀನು ಸೌನಾದ ಬಾಗಿಲಲ್ಲಿ ಅಮ್ಮನ ಬೂಟು ಹಾಕಿಕೊಂಡು ನಿಂತಿದ್ದೆ. ದೊಡ್ಡ ಬೂಟು, ಒಳಗೆ ಕಾಗದ ತುರುಕಿದ್ದೆ. ಆರ್ವೊ ನಗುತ್ತಾನೆ ಅಂತ ನಾನು ಸೌದೆ ಕೊಟ್ಟಿಗೆಯ ಹಿಂದಿನ ದಾರಿಯಲ್ಲಿ ಹೋದೆ. ತಿರುಗಿ ನೋಡಿದೆ. ನೀನು ಮುಂದಿನ ದಾರಿಯನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಬಂದಾಗ ಬೂಟು ಒಲೆಯ ಹತ್ತಿರ ಒಣಗುತ್ತಿತ್ತು. ಮೊಲ ಸುಲಿಯಲು ನಿನ್ನ ಕೈಗೆ ಕೊಟ್ಟೆ. ಕ್ಷಮಿಸು ಅನ್ನಲು ನಲವತ್ತೊಂಬತ್ತು ವರ್ಷ ತಡವಾಯಿತು, ಆದರೂ ಕ್ಷಮಿಸು.

ಮೊಲ ಇನ್ನೂ ಇದೆಯಾ? ಇದ್ದರೆ ಅದು ಲೆಕ್ಕಕ್ಕಿದೆ. ಅದನ್ನು ನಿನ್ನ ಜೊತೆ ಕೂತು ತಿನ್ನಬೇಕು, ಒಂದು ಚೂರೂ ಬಿಡದೆ. ಕ್ಯಾರಲ್ ಐದನೇ ತಾರೀಕು ಕರೆದುಕೊಂಡು ಬರುತ್ತಾಳೆ. ಗಾಲಿಕುರ್ಚಿ ತರಬೇಕು, ಕೋಲು ಹಿಡಿದರೆ ಮೂವತ್ತೆರಡು ಹೆಜ್ಜೆಯಷ್ಟೇ ಆಗುತ್ತದೆ. ಎಣಿಸಿದ್ದು ನಾನೇ.

ನಿನ್ನ ಅಣ್ಣ
ವಿಲ್ಹೊ

•

ಕೊರ್ಪಿ ಲೇಕ್
ನವೆಂಬರ್ 29

ಅಣ್ಣಾ,

ಮೊಲ ಇದೆ. ಒಬ್ಬಳೇ ತಿನ್ನಲು ಮನಸ್ಸು ಬಂದಿರಲಿಲ್ಲ. ನಿನ್ನೆಯಿಂದ ಹಿಮ ಬೀಳುತ್ತಿದೆ, ಮೊಲಗಳೆಲ್ಲ ಬಚಾವು.

ಆರ್ವೊನನ್ನು ಕೇಳಿದೆ. “ನಂದೂ ಅದೇ. ಒಟ್ಟಿಗೆ ಎರಡು” ಅಂದ. ಈ ಸಲ ಮೂರು ಲೋಟ ಕಾಫಿ ಕುಡಿದ. ಬಿಲ್ಲುಗಳನ್ನು ವಾಪಸ್ ಕೊಟ್ಟ. ನಿನ್ನ ಮನೆಯ ಒಲೆ ಹಚ್ಚಿ ಹೋಗಿದ್ದಾನೆ, ಗೋಡೆ ಬೆಚ್ಚಗಾಗಲು ಮೂರ್ನಾಲ್ಕು ದಿನ ಬೇಕಂತೆ.

ಬಿಲ್ಲು ಹಿಡಿಯುವುದು ನಿನ್ನ ಎಡಗೈ ತಾನೇ? ಅದು ಚೆನ್ನಾಗಿದೆ. ಎಳೆಯಲು ನನ್ನ ಬಲಗೈ ಇದೆ, ಅದೂ ಈಗ ಚೆನ್ನಾಗಿದೆ. ಸೌನಾದಿಂದ ಒಂಬತ್ತು ಹೆಜ್ಜೆಯಲ್ಲಿ ಒಂದು ಕೊಳೆತ ಮೋಟು ನೋಡಿಟ್ಟಿದ್ದೇನೆ. ನೀನು ಹಿಡಿ, ನಾನು ನಿನ್ನ ಹಿಂದೆ ನಿಂತು ಎಳೆಯುತ್ತೇನೆ. ತಪ್ಪಿದರೆ ತಪ್ಪಿತು, ಮುಂದಿನ ಮೋಟಿಗೆ ಹೋಗೋಣ.

ಬೂಟಿನ ವಿಷಯ. ಅದು ನಿನಗೆ ಗೊತ್ತಿತ್ತು ಅಂತ ನನಗೆ ಗೊತ್ತಿರಲಿಲ್ಲ. ಕಾಗದ ಓದಿ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ, ಸುಳ್ಳೇಕೆ ಹೇಳಲಿ. ನಿನ್ನನ್ನು ಕ್ಷಮಿಸಿದ್ದೇನೆ, ಆದರೆ ಸುಮ್ಮನೆ ಅಲ್ಲ.

ಐದನೇ ತಾರೀಕು ಮಧ್ಯಾಹ್ನದಿಂದ ಸೌನಾದ ಬಾಗಿಲಲ್ಲಿ ಬೂಟು ಹಾಕಿಕೊಂಡು ನಿಂತಿರುತ್ತೇನೆ. ಈಗ ನನ್ನದೇ ಅಳತೆಯ ಬೂಟು. ಸೌದೆ ಕೊಟ್ಟಿಗೆಯ ಹಿಂದಿನ ದಾರಿಯಲ್ಲಿ ಗಾಲಿಕುರ್ಚಿ ಹೋಗುವುದಿಲ್ಲ. ಇವತ್ತು ಬೆಳಗ್ಗೆ ಹೋಗಿ ಅಳೆದು ನೋಡಿಕೊಂಡೇ ಬಂದಿದ್ದೇನೆ.

ನಿನ್ನ ತಂಗಿ
ಸೈಮಿ